ರೀಲಣ್ಣನ ಆರು ವಿಡಿಯೋ

ಒಂದು ವಿಡಿಯೋ ನೋಡೋಣ ಎಂದು ಫೋನ್ ಹಿಡಿದು ಕೂತವರು ಏನೇನೋ ನೋಡಿ ಏಳುವುದು ಎಲ್ಲರ ಮನೆಯ ಕಥೆ. ಸೊಪ್ಪು ಬಾಡದಂತೆ ಇಡುವುದು ಹೇಗೆ ಎಂದು ನೋಡಲು ಹೋಗಿ, ಮೊಸಳೆಯ ಬಾಯಿಗೆ ಕೈ ಹಾಕುವವನನ್ನು ನೋಡಿ ಬಂದವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಹೊತ್ತು ಹಾಳಾಯಿತಲ್ಲ ಎಂದು ನಕ್ಕು ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ನಗುವ ಹಾಗಿರಲಿಲ್ಲ. ನಮ್ಮ ಯಜಮಾನರ ಬಲಗೈಯೇ ಹೋಗುವುದರಲ್ಲಿತ್ತು.

ಯಜಮಾನರು ಅಂದರೆ ರೀಲಣ್ಣ. ಊರಿನ ಚಿಕ್ಕಮಕ್ಕಳಿಗೂ ಅವರು ರೀಲಣ್ಣನೇ. ಇಲ್ಲಿನ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಸಿನಿಮಾ ಓಡಿಸಿದ ಆಪರೇಟರ್. ನಾನು ಅದೇ ಥಿಯೇಟರಿನ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಮ್ಯಾಟಿನಿಗೆ ಮುಂಚೆ ಮೇಲಿನ ಕೋಣೆಗೆ ಹೋದರೆ, ಅವರು ಸಿನಿಮಾ ರೀಲಿನ ತಗಡಿನ ಡಬ್ಬಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿರುತ್ತಿದ್ದರು. ಒಂದೊಂದು ಡಬ್ಬಿಯ ಮೇಲೂ ಸೀಮೆಸುಣ್ಣದ ನಂಬರು, ಒಂದರಿಂದ ಹದಿನಾಲ್ಕರವರೆಗೆ. “ಮುಟ್ಬೇಡ ಕಣೇ, ಸಾಲು ತಪ್ಪುತ್ತೆ” ಎಂದು ಕಟ್ಟಿಕೊಂಡ ಹೆಂಡತಿಯನ್ನೇ ಗದರುತ್ತಿದ್ದರು. ಆ ಬಿಸಿ ಯಂತ್ರದ ವಾಸನೆ, ಕಿಂಡಿಯ ಬೆಳಕಿನಲ್ಲಿ ಕುಣಿಯುವ ಧೂಳು, ಕೆಳಗೆ ಆರುನೂರು ಜನ ಒಟ್ಟಿಗೆ ನಗುವ ಸದ್ದು! ಈಗ ಆ ಕಟ್ಟಡ ಸಿಮೆಂಟಿನ ಗೋಡೌನ್. ಅದರ ಮುಂದೆ ಹಾದುಹೋದರೆ ಇವತ್ತಿಗೂ ಮೇಲಿನ ಆ ಕೋಣೆಯ ಕಡೆ ಕಣ್ಣು ಹೋಗುತ್ತದೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಕಾಲು ಬೇಗ ಸುಧಾರಿಸಿತು. ಬಲಗೈ ಮಾತ್ರ ತೊಡೆಯ ಮೇಲೆ ಬಿದ್ದುಕೊಂಡೇ ಇತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿ ಇದ್ದಾಳೆ, ಎಲ್ಲರೂ ಅವಳನ್ನು ಫಿಸಿಯೋ ಎಂದೇ ಕರೆಯುವುದು. ಅವಳು ನನ್ನ ಫೋನಿಗೆ ಆರು ವಿಡಿಯೋಗಳ ಲಿಂಕ್ ಕಳಿಸಿದಳು.

“ಅಕ್ಕಾ, ಮೊದಲ ಆರು ತಿಂಗಳು ತುಂಬಾ ಮುಖ್ಯ. ದಿನಾ ಈ ಆರನ್ನೂ ಇದೇ ಸಾಲಲ್ಲಿ ಮಾಡ್ಸಿ. ಮೊದಲು ಭುಜ ಸಡಿಲ ಆಗ್ಬೇಕು, ಆಮೇಲೆ ಮೊಣಕೈ, ಕೊನೆಗೆ ಬೆರಳು. ಹಿಂದೆಮುಂದೆ ಮಾತ್ರ ಮಾಡ್ಬೇಡಿ” ಎಂದಳು.

ನಾನೂ ತಲೆಯಾಡಿಸಿದೆ. ದಿನಾ ಬೆಳಿಗ್ಗೆ ಒಂದನೇ ವಿಡಿಯೋ ಹಾಕಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅಡುಗೆಮನೆ ಸೇರುತ್ತಿದ್ದೆ. ಮುಂದಿನದು ತಾನಾಗಿ ಬರುತ್ತದಲ್ಲ ಎಂಬ ಧೈರ್ಯ. ಬರುತ್ತಿತ್ತು, ಬರದೆ ಏನು! ಆದರೆ ಬರುತ್ತಿದ್ದದ್ದು ಫಿಸಿಯೋ ಕಳಿಸಿದ್ದಲ್ಲ. ಮೂರು ವಾರ ಕಳೆದ ಮೇಲೆ ಒಂದು ದಿನ ಏನೋ ನರಳಿದ ಸದ್ದಾಗಿ ಹೊರಗೆ ಓಡಿ ಬಂದೆ. ಫೋನಿನೊಳಗೆ ಗೂಳಿಯಂಥ ಪೈಲ್ವಾನನೊಬ್ಬ ಕಬ್ಬಿಣದ ಸಲಾಕೆಯನ್ನು ತಲೆಯ ಮೇಲೆ ಎತ್ತುತ್ತಿದ್ದಾನೆ. ನಮ್ಮವರು ಎಡಗೈಯಿಂದ ಬಲಗೈ ಹಿಡಿದು ಮೇಲಕ್ಕೆ ಜಗ್ಗುತ್ತಿದ್ದಾರೆ. ಕಣ್ಣಲ್ಲಿ ನೀರು ಬಂದಿದೆ.

“ಅಯ್ಯೋ, ಇದೇನ್ರೀ ಮಾಡ್ತಿದ್ದೀರಿ?”

“ಎರಡನೇದು ಕಣೇ. ಒಂದನೇದು ಆದ್ಮೇಲೆ ಇದು ಬಂತು. ನಿನ್ನೆ ಬೇರೆ ಬಂದಿತ್ತು.”

“ದಿನಕ್ಕೊಂದು ಬಂದ್ರೆ ಅನುಮಾನ ಬರ್ಲಿಲ್ವಾ ನಿಮಗೆ?”

“ಅನುಮಾನ ಯಾಕೆ ಬರುತ್ತೆ? ಗೊತ್ತಿರೋರು ಯಾರೋ ಜೋಡಿಸಿಟ್ಟಿರ್ತಾರೆ. ಬಂದಿದ್ದನ್ನ ಮಾಡೋದು ನನ್ನ ಕೆಲಸ.”

ನನಗೆ ಮೈಯೆಲ್ಲ ಉರಿಯಿತು. ಅವರ ಮೇಲಲ್ಲ, ಒಂದು ದಿನವಾದರೂ ಪಕ್ಕದಲ್ಲಿ ಕೂರದ ನನ್ನ ಮೇಲೆಯೇ. ಮಧ್ಯಾಹ್ನದ ಹೊತ್ತಿಗೆ ಭುಜ ಊದಿಕೊಂಡಿತು. ವಿಷಯ ತಿಳಿಸಿದ್ದಕ್ಕೆ ಫಿಸಿಯೋ ಮನೆಗೇ ಬಂದು ಮೆಲ್ಲಗೆ ಮುಟ್ಟಿ ನೋಡಿದಳು. ಅವಳ ಮುಖ ಸಪ್ಪಗಾಯಿತು.

“ಕೀಲಿಗೆ ಪೆಟ್ಟಾಗಿದೆ ಅಕ್ಕಾ. ಊತ ಇಳಿದ್ಮೇಲೆ ಮೊದಲಿಂದ ಶುರು ಮಾಡ್ಬೇಕು. ಹತ್ತಿರ ಹತ್ತಿರ ಒಂದು ತಿಂಗಳು ಹೋಯ್ತು. ಇನ್ನೊಂದು ಸಲ ಹೀಗಾದ್ರೆ ಈ ಕೈ ಬರೋದು ಕಷ್ಟ.”

“ಬರೋದೇ ಬೇಡ ಬಿಡಮ್ಮಾ. ಸಾಕು ಈ ಫೋನಿನ ಸಹವಾಸ” ಎಂದು ಯಜಮಾನರು ಗೋಡೆಯ ಕಡೆ ತಿರುಗಿ ಕೂತರು.

ಫಿಸಿಯೋ ಮಾತು ಬದಲಿಸಿದಳು. “ಅಣ್ಣಾ, ನೀವು ಯಾವತ್ತಾದ್ರೂ ರೀಲಿನ ಸಾಲು ತಪ್ಪಿದ್ರಾ?”

ಅವರು ಥಟ್ಟನೆ ತಿರುಗಿದರು. “ಒಂದೇ ಒಂದು ಸಲ ಕಣಮ್ಮಾ. ಜ್ವರ ಇತ್ತು, ಜೋಡ್ಸೋ ಕೆಲಸ ಬೇರೆಯವನಿಗೆ ಬಿಟ್ಟಿದ್ದೆ. ಹತ್ತಕ್ಕೆ ಮುಂಚೆ ಹನ್ನೊಂದು ಓಡಿಹೋಯ್ತು. ಸತ್ತು ಮಣ್ಣಾದ ಖಳನಾಯಕ ಆಮೇಲೆ ಬಂದು ಊಟಕ್ಕೆ ಕೂತ! ಜನ ಶಿಳ್ಳೆ ಹೊಡೆದಿದ್ದೇ ಹೊಡೆದಿದ್ದು. ಆಟ ಬಿಟ್ಟಾಗ ನಾನೇ ಗೇಟಿಗೆ ಬಂದು ಕೈ ಮುಗಿದು ನಿಂತೆ. ಇವಳನ್ನ ಕೇಳು.”

ನಿಜ. ಅವತ್ತು ಅವರ ಮುಖ ನೋಡಿ ನನಗೆ ಅಳು ಬಂದಿತ್ತು.

“ಆಮೇಲೆ ಯಾರು ಜೋಡ್ಸಿದ್ರು?”

“ಇನ್ಯಾರು, ನಾನೇ. ಆಮೇಲೆ ಒಬ್ಬರನ್ನೂ ಮುಟ್ಟೋಕೆ ಬಿಡ್ಲಿಲ್ಲ.”

“ಈಗ ಫೋನಲ್ಲಿ ಯಾರು ಜೋಡಿಸ್ತಿದ್ದಾರೆ?”

ಯಜಮಾನರು ಫೋನನ್ನು ಎಡಗೈಗೆ ಎತ್ತಿಕೊಂಡು ನೋಡಿದರು.

“ಗೊತ್ತಿರೋರು ಯಾರೂ ಕೂತಿಲ್ಲ ಅಣ್ಣಾ. ನೀವು ಇನ್ನೂ ನೋಡ್ತಾನೇ ಇರ್ಲಿ ಅಂತ ಫೋನೇ ಹುಡುಕಿ ಹುಡುಕಿ ಹಾಕುತ್ತೆ. ನಿಮ್ಮ ಭುಜದ ಗತಿ ಅದಕ್ಕೇನು ಗೊತ್ತು? ಜೋಡ್ಸೋ ಕೆಲಸ ನೀವು ವಾಪಸ್ ತಗೊಳ್ಳಿ.”

“ನನ್ನ ಕೈಲಿ ಆಗುತ್ತಾ? ಇದು ಬೆರಳು ತಾಗಿದ್ರೆ ಎಲ್ಲೆಲ್ಲೋ ಓಡುತ್ತೆ.”

“ಎಡಗೈ ಇದೆಯಲ್ಲ, ಕೊಡಿ ಇಲ್ಲಿ.”

ಅವಳು ಒಂದೊಂದಾಗಿ ತೋರಿಸಿದಳು. ವಿಡಿಯೋದ ಕೆಳಗೆ ಸೇವ್ ಎಂದು ಇರುತ್ತದೆ. ಅದನ್ನು ಒತ್ತಿ ಹೊಸ ಪ್ಲೇಲಿಸ್ಟ್, ಅಂದರೆ ನಮ್ಮದೇ ಪಟ್ಟಿ, ಮಾಡಿ ಹೆಸರು ಕೊಡಬೇಕು. ಉಳಿದ ವಿಡಿಯೋಗಳನ್ನೂ ಸಾಲಿನ ಪ್ರಕಾರ ಅದೇ ಪಟ್ಟಿಗೆ ಸೇರಿಸಬೇಕು. ಮುಂದಿನದನ್ನು ತಾನಾಗಿ ಹಾಕುವ ಆಟೋಪ್ಲೇ ಎಂಬ ಗುಂಡಿಯನ್ನು ಆಫ್ ಮಾಡಬೇಕು. ಆಮೇಲೆ ಪಟ್ಟಿ ತೆರೆದು ಮೊದಲನೆಯದನ್ನು ಒತ್ತಿದರೆ ಆರೂ ಒಂದರ ಹಿಂದೆ ಒಂದು ಬಂದು, ಆರನೆಯದು ಮುಗಿದ ಮೇಲೆ ನಿಲ್ಲುತ್ತದೆ. ಯಜಮಾನರು ಪಟ್ಟಿಗೆ ‘ಬಲಗೈ’ ಎಂದು ಹೆಸರಿಟ್ಟರು. ಮೂರನೆಯದು ಎರಡು ಸಲ ಸೇರಿಹೋಗಿತ್ತು. ನಾನು ತೆಗೆಯಲು ಹೋದರೆ ಕೈ ತಳ್ಳಿ, ಕೇಳಿಕೊಂಡು ತಾವೇ ತೆಗೆದರು. ಸಾಲು ಸರಿ ಇದೆಯೇ ಎಂದು ಮೂರು ಸಲ ಎಣಿಸಿದರು.

ಊತ ಇಳಿದ ಮೇಲೆ ಮತ್ತೆ ಶುರುವಾಯಿತು. ಈಗ ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಏನಕ್ಕಾದರೂ ಎದ್ದುಹೋದರೆ, “ಏ, ನಾಲ್ಕನೇದು ಶುರುವಾಗುತ್ತೆ, ಬಾರೇ ಬೇಗ!” ಎಂದು ಕೂಗುತ್ತಾರೆ. ಆ ಗತ್ತಿನ ದನಿ ಕೇಳಿ ಎಷ್ಟು ವರ್ಷವಾಗಿತ್ತು! ಥಿಯೇಟರ್ ಮುಚ್ಚಿದ ದಿನ ಅದೂ ಹೋಯಿತು ಎಂದುಕೊಂಡಿದ್ದೆ.

ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಮೊನ್ನೆ ಬೆಳಿಗ್ಗೆ ಸ್ನಾನ ಮಾಡಿ ಬಂದವರು, ಅಂಗಿಯ ಗುಂಡಿ ಹಾಕಲು ಹೋದ ನನ್ನನ್ನು ತಡೆದರು. “ನಿಂತ್ಕೋ ಸುಮ್ನೆ” ಎಂದರು. ಬಲಗೈ ಮೆಲ್ಲಮೆಲ್ಲಗೆ ಮೇಲೆ ಬಂತು. ಬೆರಳು ಗುಂಡಿಯ ಸುತ್ತ ತಡಕಾಡಿತು, ಜಾರಿತು, ಮತ್ತೆ ಹಿಡಿಯಿತು. ಐದು ಗುಂಡಿಗೆ ಇಪ್ಪತ್ತು ನಿಮಿಷ. ಸಹಾಯಕ್ಕೆ ಹೋಗದಂತೆ ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಕೊನೆಯ ಗುಂಡಿ ಬಿದ್ದಾಗ ಇಬ್ಬರೂ ಅತ್ತೆವು. ನಾಚಿಕೆ ಏನು ಬಂತು, ಅಳಬೇಕಾದ್ದೇ.

ನಿಮ್ಮ ಮನೆಯಲ್ಲೂ ಯಾರಾದರೂ ಫೋನ್ ನೋಡಿಕೊಂಡು ವ್ಯಾಯಾಮ ಮಾಡುತ್ತಿರಬಹುದು, ಮಕ್ಕಳು ಪಾಠ ಕಲಿಯುತ್ತಿರಬಹುದು. ಇವತ್ತೇ ಅವರ ಪಕ್ಕದಲ್ಲಿ ಕೂತು ಪಟ್ಟಿ ಮಾಡಿಕೊಡಿ, ಆಟೋಪ್ಲೇ ಆಫ್ ಮಾಡಿ. ಏನು ನೋಡಬೇಕು, ಯಾವುದಾದ ಮೇಲೆ ಯಾವುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಫೋನಿಗೆ ಬಿಡಬೇಡಿ. ಬರದಿದ್ದರೆ ಗೊತ್ತಿರುವವರನ್ನು ಕೇಳಿ, ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಕೂರದೆ ನಾನು ಅವರ ಕೈ ಸುಧಾರಿಸಬೇಕಾದ ಒಂದು ತಿಂಗಳನ್ನು ಹಾಳು ಮಾಡಿದೆ. ನಿಮ್ಮವರ ಒಂದು ದಿನವನ್ನೂ ನೀವು ಹಾಳು ಮಾಡಬೇಡಿ.