ಹನ್ನೊಂದನೇ ಅಧ್ಯಾಯಕ್ಕೊಂದು ಸಾವು

ಲೇಖಕಿಯ ಹಿಂದಿನ ಕಾದಂಬರಿಯಲ್ಲಿ ಬೇಕರಿಯವನು ಬೆಳಗ್ಗೆ ಒಂಬತ್ತಕ್ಕೆ ಎದ್ದು, ನಿಧಾನವಾಗಿ ಹಲ್ಲುಜ್ಜಿ, ಆಮೇಲೆ ಒಲೆ ಹಚ್ಚುತ್ತಿದ್ದ. ನಸುಕಿಗೆ ಮೊದಲೇ ಒಲೆ ಹಚ್ಚುವ ನಿಜವಾದ ಬೇಕರಿಯವರೆಲ್ಲ ಅದನ್ನು ಓದಿ, ಒಟ್ಟು ಸೇರಿ ಅವಳ ಮಾನ ಹರಾಜು ಹಾಕಿದರು. ಇನ್ನೊಮ್ಮೆ ಹಾಗಾದರೆ ತಲೆ ಎತ್ತಿ ಓಡಾಡುವ ಹಾಗಿಲ್ಲ. ಅದಕ್ಕೇ ಈ ಸಲ ಲಿಫ್ಟ್ ರಿಪೇರಿಯವನ ಕಥೆ ಬರೆಯುವ ಮೊದಲು ನಿಜವಾದ ಮೆಕ್ಯಾನಿಕ್ ಒಬ್ಬನ ಬೆನ್ನು ಹತ್ತಿದಳು. ಕಥೆಯವನು ಹನ್ನೊಂದನೇ ಅಧ್ಯಾಯದಲ್ಲಿ ಸಾಯಲೇಬೇಕು. ಅವನು ಸಾಯದಿದ್ದರೆ ಹನ್ನೆರಡನೆಯದರಲ್ಲಿ ಮಗಳು ಅಳುವುದಾದರೂ ಯಾಕೆ?

ಕಟ್ಟಡದ ನೆತ್ತಿಯ ಮೇಲೆ ಲಿಫ್ಟಿನ ಮೋಟಾರ್ ಕೋಣೆ. ಲೇಖಕಿ ಎಣ್ಣೆ ಡಬ್ಬದ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದಳು. ಐವತ್ತು ದಾಟಿದ ಮೆಕ್ಯಾನಿಕ್ ಎರಡು ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಮೂರನೆಯದನ್ನು ತಿರುಗಿಸುತ್ತಿದ್ದ. ಅವಳು ಅದನ್ನೂ ಬರೆದುಕೊಂಡಳು.

"ಹಗ್ಗ ಕಡಿದು ಲಿಫ್ಟ್ ಬಿದ್ರೆ?"

ಮೆಕ್ಯಾನಿಕ್ ಬಾಯಿಂದ ಸ್ಕ್ರೂ ತೆಗೆದ. "ಐದು ಹಗ್ಗ ಇರತ್ತೆ ಮೇಡಂ. ಐದೂ ಕಡಿದ್ರೆ ಬ್ರೇಕ್ ಹಿಡ್ಕೊಳ್ಳತ್ತೆ."

"ನನ್ನ ಕಥೆಯವನು ಲಿಫ್ಟ್ ಬಾವಿಯ ತಳದಲ್ಲಿ ಇರುವಾಗ ಯಾರಾದ್ರೂ ಕರೆಂಟ್ ಹಾಕಿದ್ರೆ?"

"ಹಾಕೋಕಾಗಲ್ಲ. ಸ್ವಿಚ್ಚಿಗೆ ಬೀಗ. ಕೀಲಿ ಕೆಳಗಿಳಿದೋನ ಜೇಬಲ್ಲಿ."

ಲೇಖಕಿಗೆ ರೇಗಿತು. ನಾಲ್ಕು ದಿನದಿಂದ ಒಬ್ಬನನ್ನು ಸಾಯಿಸಲು ಒದ್ದಾಡುತ್ತಿದ್ದಾಳೆ, ಈ ಪುಣ್ಯಾತ್ಮ ಒಂದಕ್ಕೂ ಎಡೆ ಕೊಡುತ್ತಿಲ್ಲ.

"ಹಾಗಾದ್ರೆ ನಿಮ್ಮ ಕೆಲಸದಲ್ಲಿ ಯಾರೂ ಸಾಯೋದೇ ಇಲ್ವಾ ಯಜಮಾನ್ರೇ?"

ಅವನು ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ.

"ಮೊದಲೆಲ್ಲ ಕೆಲಸಕ್ಕೆ ಬಂದ ಇಬ್ಬರಿಗೂ ಸೇರಿ ಒಂದೇ ಬೀಗ. ಕೀಲಿ ನನ್ನ ಹತ್ರ, ಕೆಳಗೆ ನನ್ನ ತಮ್ಮ. ಮೇಲಿಂದ ಕೂಗಿದೆ. ಓ ಅನ್ನಲಿಲ್ಲ. ಊಟಕ್ಕೆ ಹೋಗಿರ್ಬೇಕು ಅಂದ್ಕೊಂಡು ಕರೆಂಟ್ ಹಾಕ್ದೆ."

ಲೇಖಕಿಗೆ ಕೈಯಲ್ಲಿದ್ದ ಪೆನ್ನಿನ ಬಗ್ಗೆ ನಾಚಿಕೆಯಾಯಿತು.

"ಬರ್ಕೊಳ್ಳಿ," ಎಂದ ಅವನು. "ನಿಮಗೆ ಬೇಕಿತ್ತಲ್ಲ."

ಅವಳು ಬರೆದುಕೊಳ್ಳಲಿಲ್ಲ. ಮನೆಗೆ ಹೋಗಿ ಹನ್ನೊಂದನೇ ಅಧ್ಯಾಯವನ್ನು ಬೇರೆಯದೇ ಮಾಡಿದಳು. ಮೇಲಿಂದ ಅಣ್ಣ ಕೂಗುತ್ತಾನೆ, ಕೆಳಗಿಂದ ತಮ್ಮ ಓ ಅನ್ನುತ್ತಾನೆ, ಹತ್ತಿ ಬರುತ್ತಾನೆ, ಇಬ್ಬರೂ ಊಟಕ್ಕೆ ಹೋಗುತ್ತಾರೆ. ಈ ಅಧ್ಯಾಯದಲ್ಲಿ ಏನೂ ನಡೆಯುವುದೇ ಇಲ್ಲವಲ್ಲ ಎಂದು ಪ್ರಕಾಶಕರು ಗೊಣಗಿದರು. ಹೌದು, ನಡೆಯುವುದಿಲ್ಲ ಎಂದಳು. ಮಗಳ ಅಳುವಿಗೆ ಬೇರೆ ಏನಾದರೂ ಹುಡುಕಿದರಾಯಿತು.

ಆದರೂ ಬೇಕರಿಯವರ ಭಯ ಬಿಡಬೇಕಲ್ಲ. ತಪ್ಪಿದ್ದರೆ ಹೇಳಿ ಎಂದು ಆ ಪುಟಗಳನ್ನು ಮೆಕ್ಯಾನಿಕ್ಕಿಗೆ ಕೊಟ್ಟಳು. ಅವನು ನಿಂತೇ ಓದಿದ. ಇನ್ನೊಮ್ಮೆ ಓದಿದ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಒಂದು ಸಾಲಿನ ಕೆಳಗೆ ಗೆರೆ ಎಳೆದ.

"ಇದೊಂದು ತಪ್ಪು ಮೇಡಂ. ಕೂಗಿದ ತಕ್ಷಣ ಓ ಅಂತಾನೆ ಅಂತ ಬರ್ದಿದ್ದೀರ. ಹಾಗೆ ಆಗಲ್ಲ."

"ಯಾಕೆ?"

"ಬಾಯಲ್ಲಿ ಸ್ಕ್ರೂ ಇರತ್ತಲ್ಲ. ತೆಗೆದು ಓ ಅನ್ನೋ ತನಕ ಮೇಲಿರೋನು ಕಾಯ್ಬೇಕು."

ಲೇಖಕಿ ತಿದ್ದಿದಳು. ಕಾದಂಬರಿಯಲ್ಲಿ ಅಣ್ಣ ಅರ್ಧ ಪುಟ ಕಾಯುತ್ತಾನೆ.