ಇನ್ನೂರು ಹರ್ಟ್ಜಿನ ಕಿಂಡಿ

ಟಣ್, ಮತ್ತೆ ಟಣ್, ಇದು ತಮ್ಮನ ಮೋರ್ಸ್ ಚುಕ್ಕೆಯಲ್ಲ, ಎಲ್ಲೋ ಹೊಡೆದ ಮಿಂಚು ಫಿಲ್ಟರಿನ ಈ ಇಕ್ಕಟ್ಟಿನಲ್ಲಿ ತೂರಿ ಗಂಟೆಯ ದನಿ ಮಾಡಿಕೊಂಡು ಬರುತ್ತಿದೆ, ಸುಳ್ಳು ಚುಕ್ಕೆ — ಫಿಲ್ಟರಿನ ಅಗಲ ಇನ್ನೂರು ಹರ್ಟ್ಜಿಗೆ ಇಳಿಸಿಬಿಡಿ ಅಕ್ಕಾ, ಗಲಾಟೆಯೆಲ್ಲ ಹೊರಗೇ ಉಳಿಯುತ್ತೆ, ಅಂದ ರೇಡಿಯೊ ಕ್ಲಬ್ಬಿನ ಕಾರ್ಯದರ್ಶಿ, ಅವನಿಗೇನು, ಊರಾಚೆ ಮನೆ, ನನಗೆ ಕೆಳಗಿನ ಮನೆಯ ಚಾರ್ಜರು, ಎದುರು ಅಂಗಡಿಯ ದೀಪದ ಬೋರ್ಡು, ಎಲ್ಲ ಸೇರಿ ಈ ಕೆಳಗಿನ ಬ್ಯಾಂಡಿನಲ್ಲಿ ಜರ್ರೆಂದು ಹಿಟ್ಟು ಬೀಸುತ್ತವೆ. ಸರಿ, ಇಳಿಸಿದೆ, ತಣ್ಣಗಾಯಿತು. ಕಿಟಕಿ ಬೆಳ್ಳಗಾಗುತ್ತಿದೆ, ಬಿಸಿಲೇರಿದರೆ ಬ್ಯಾಂಡ್ ಸತ್ತಂತೆ, ದೂರದ್ದೇನೂ ಕೇಳುವುದಿಲ್ಲ, ತಮ್ಮ ಇನ್ನೂ ಕರೆದಿಲ್ಲ. ಇವತ್ತೇ ಕೊನೆ, ಮಧ್ಯಾಹ್ನ ಮನೆ ಖಾಲಿ ಮಾಡುತ್ತಾನೆ, ಹೊಸ ಮನೆಯಲ್ಲಿ ಆಂಟೆನಾ ಕಟ್ಟಲು ಬಿಡುವುದಿಲ್ಲವಂತೆ, ನಮ್ಮಿಬ್ಬರ ರಾಜಿಗೆ ಕಾರ್ಯದರ್ಶಿಯೇ ಮಧ್ಯೆ ಬಂದ, ಫೋನು ಬೇಡ, ಮೋರ್ಸಲ್ಲೇ ಮಾತಾಡಿ, ಜಗಳ ಆಡೋಕೂ ಕೈ ನೋಯುತ್ತೆ, ಅಂದ. ನಕ್ಕಿದ್ದೆ. ಮೊದಲು ಅವನೇ ಕರೆಯಬೇಕು ಅಂತ ಷರತ್ತನ್ನೂ ಹಾಕಿದ್ದೆ. ಅಪ್ಪ ನಿಲ್ಲಿಸಿದ ಆಂಟೆನಾ ಕಂಬವನ್ನು ನನಗೊಂದು ಮಾತೂ ಹೇಳದೆ ಗುಜರಿಗೆ ಹಾಕಿದವನು, ಆಮೇಲೆ ಅವನ ಫೋನ್ ನಾನು ಎತ್ತಲಿಲ್ಲ, ಯಾಕೆ ಎತ್ತಬೇಕು, ತಪ್ಪು ಅವನದು — ಆದರೂ ಇವತ್ತು ಹೋಗಲಿ ಬಿಡೋ ಅನ್ನಲು ಕೂತಿದ್ದೇನೆ, ಹೊಟ್ಟೆಗೆ ಚಹಾ ಕೂಡ ಬಿದ್ದಿಲ್ಲ. ಬರುವುದಿಲ್ಲವೇನೋ, ಕೊಬ್ಬು, ಅವನೂ ಅವನ ಡಬ್ಬ ಟ್ರಾನ್ಸ್‌ಮಿಟರೂ, ಅಪ್ಪನ ಜೊತೆ ಕೂತು ಬೆಸೆದದ್ದು, ಬಿಸಿಯಾದರೆ ಹೇಳಿದ ಫ್ರೀಕ್ವೆನ್ಸಿಯಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಜಾರುತ್ತದೆ — ಜಾರುತ್ತದೆ, ಈ ಇನ್ನೂರರ ಕಿಂಡಿಯಾಚೆಗೆ. ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಿತ್ತು. ಗುಂಡಿ ತಿರುಗಿಸಿದೆ, ಫಿಲ್ಟರು ಸಾವಿರಕ್ಕೆ ತೆರೆಯಿತು, ಗಲಾಟೆಯೆಲ್ಲ ಒಮ್ಮೆಲೇ ನುಗ್ಗಿತು, ಅದರ ಅಂಚಿನಲ್ಲಿ ಅವನ ಕೈ, ಗೆರೆಗಳನ್ನು ಎಳೆದೆಳೆದು ಕುಟ್ಟುವ ಅದೇ ಕೈ, ಯಾರೋ ಗುರುತಿಲ್ಲದವನಿಗೆ ಹೇಳುತ್ತಿದೆ, ಆಗಿನಿಂದ ಕರೀತಿದ್ದೆ, ನಮ್ಮಕ್ಕ ಬರಲಿಲ್ಲ, ಸಿಟ್ಟು ಇಳಿದಿಲ್ಲ ಅಂತ ಕಾಣುತ್ತೆ, ಇರಲಿ, ಸ್ಟೇಷನ್ ಮುಚ್ತೀನಿ. ಇದ್ದೀನಿ ಕಣೋ, ಕುಟ್ಟಿದೆ, ಇದ್ದೀನಿ, ಇಲ್ಲೇ ಇದ್ದೀನಿ — ಜರ್ರ್, ಬರೀ ಜರ್ರ್. ಫೋನ್ ಮಾಡಬಹುದು, ಮಾಡಿ ಏನನ್ನಲಿ, ಫಿಲ್ಟರು ಕಿರಿದಾಗಿತ್ತು ಅನ್ನಲೇ, ಜೀವಮಾನವೆಲ್ಲ ರೇಡಿಯೊ ಮುಂದೆ ಕೂತವಳು ಹಾಗಂದರೆ ನಾನೇ ನಂಬುವುದಿಲ್ಲ. ಇಷ್ಟು ಹೊತ್ತಿಗೆ ತಾರಸಿ ಹತ್ತಿರುತ್ತಾನೆ, ತಂತಿ ಬಿಚ್ಚಿ ಸುತ್ತುತ್ತಿರುತ್ತಾನೆ, ಅಪ್ಪ ಸುತ್ತುತ್ತಿದ್ದ ಹಾಗೇ, ಹೆಬ್ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ, ಹೆಬ್ಬೆರಳಿನಿಂದ ಮೊಣಕೈಗೆ