ಹಸಿರು ಹೊಡೆಯುವ ಬಿಳಿ

"ಇಪ್ಪತ್ತೇಳು ಇಂಚಿಗಿಂತ ದೊಡ್ಡದು ಬೇಡ" ಎಂದ ಆ ದನಿಯನ್ನು ಅವಳು ಮುಖ ನೋಡುವ ಮೊದಲೇ ಗುರುತು ಹಿಡಿದಳು. ಮಾನಿಟರ್ ಒರೆಸುತ್ತಿದ್ದ ಕೈ ಹಾಗೇ ನಿಂತಿತು. ಅವಳು ಹಿಂದೆ ಕೆಲಸಕ್ಕಿದ್ದ ಪ್ರೆಸ್ಸಿನ ಮ್ಯಾನೇಜರು! ಆರು ವರ್ಷದಲ್ಲಿ ತಲೆ ಬೋಳಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು, ಗತ್ತು ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಹೆಂಡತಿ.

ಅವನಿಗೆ ಇವಳ ಗುರುತು ಸಿಗಲಿಲ್ಲ. ಅದು ಅವಳಿಗೆ ಇನ್ನೂ ಉರಿಯಿತು. ಒಬ್ಬಳ ಹೊಟ್ಟೆಯ ಮೇಲೆ ಹೊಡೆದವನು ಅವಳ ಮುಖವನ್ನಾದರೂ ನೆನಪಿಟ್ಟುಕೊಳ್ಳಬೇಡವೇ?

ಆಗ ಅವಳು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಚಿತ್ರ ಕೂರಿಸುವ, ಬಣ್ಣ ಸರಿಮಾಡುವ ಕೆಲಸದಲ್ಲಿದ್ದಳು. ಒಂದು ಬೇಕರಿಯ ಬ್ರೆಡ್ಡಿನ ಪೊಟ್ಟಣ ಅಚ್ಚಾಗಬೇಕಿತ್ತು. ಮೊದಲ ಹಾಳೆಗೆ ಮ್ಯಾನೇಜರು ಸಹಿ ಹಾಕದೆ ಮಷೀನು ಓಡುವಂತಿರಲಿಲ್ಲ. "ಸಾರ್, ಚಿತ್ರದಲ್ಲಿ ಬ್ರೆಡ್ಡು ಹಸಿರು ಹೊಡೀತಿದೆ" ಎಂದು ಅವಳು ಎರಡು ಸಲ ಹೇಳಿದಳು. "ಸರಿಯಾಗೇ ಇದೆ, ಓಡ್ಸಿ" ಎಂದು ಅವನು ನಿಂತ ಕಾಲಲ್ಲೇ ಸಹಿ ಹಾಕಿದ. ಅಷ್ಟೂ ಪೊಟ್ಟಣ ವಾಪಸ್ ಬಂದಾಗ ಸಹಿಯ ಹಾಳೆ ಮಾಯವಾಗಿತ್ತು. ಯಜಮಾನರು, ಮಷೀನಿನವರು, ಕಟ್ಟು ಹಾಕುವವರು ಎಲ್ಲರೂ ನಿಂತಿದ್ದಂತೆ ಅವನು ಹೇಳಿದ್ದು ಒಂದೇ ಮಾತು: "ಇವಳಿಗೆ ಕಣ್ಣೇ ಸರಿ ಇಲ್ಲ. ಬಣ್ಣಾನೇ ಗೊತ್ತಾಗಲ್ಲ."

ಕೆಲಸ ಕಳೆದುಕೊಂಡು ಅವಳು ಗೇಟು ದಾಟುವಷ್ಟರಲ್ಲಿ 'ಪಾಚಿ' ಎಂಬ ಅಡ್ಡಹೆಸರು ಬಿದ್ದಿತ್ತು. ಕಣ್ಣು ಸರಿ ಇದೆ ಎಂದು ಡಾಕ್ಟರಿಂದ ಚೀಟಿ ಬರೆಸಿಕೊಂಡು ಊರಿನ ಪ್ರೆಸ್ಸುಗಳ ಬಾಗಿಲು ತಟ್ಟಿದಳು. ಎಲ್ಲರೂ ಚೀಟಿ ಓದಿದರು, ನಕ್ಕರು, ಆಮೇಲೆ ಹೇಳ್ತೀವಿ ಎಂದರು. ಒಂಬತ್ತು ವರ್ಷ ಕಲಿತ ಕೆಲಸ ಅಲ್ಲಿಗೆ ಮುಗಿಯಿತು. ಈಗ ಈ ಅಂಗಡಿಯಲ್ಲಿ ಮಾನಿಟರ್ ಮಾರುತ್ತಿದ್ದಳು.

"ಆಟ ಆಡೋದು ನಾನಮ್ಮ" ಎಂದರು ಹೆಂಡತಿ, ಒಂಚೂರೂ ಸಂಕೋಚವಿಲ್ಲದೆ. "ಕಾರ್ ರೇಸು. ಮಕ್ಕಳು ಬಿಟ್ಟರು, ನಾನು ಹಿಡ್ಕೊಂಡೆ. ನಮ್ಮ ಹಳೇದ್ರಲ್ಲಿ ತಿರುವು ಬಂದ್ರೆ ಸಾಕು, ರಸ್ತೆ ಎಲ್ಲ ಕಲಸಿಹೋಗುತ್ತೆ. ಹೋಗಿ ಗೋಡೆಗೆ ಗುದ್ದುತೀನಿ."

"ನನ್ನ ಪ್ರೆಸ್ಸಿನ ಕೆಲಸಕ್ಕೂ ಆಗ್ಬೇಕು" ಎಂದ ಅವನು. "ಒಂದೇ ತಗೋಳೋದು, ಎರಡಕ್ಕೂ ಸಾಲಬೇಕು."

ಅವಳ ಬಾಯಿ ತನ್ನ ಪಾಡಿಗೆ ಹೇಳತೊಡಗಿತು. "ಆಟಕ್ಕೆ ವೇಗ ಬೇಕಮ್ಮ. ಸೆಕೆಂಡಿಗೆ ನೂರ ನಲವತ್ನಾಲ್ಕು ಸಲ ಚಿತ್ರ ಬದಲಾಗೋದನ್ನ ತಗೊಂಡ್ರೆ ರಸ್ತೆ ಕಲಸಲ್ಲ. ಬಾಗಿದ ಪರದೆ ರೇಸಿಗೆ ಚೆಂದ, ಆದ್ರೆ ಪ್ರೆಸ್ಸಿನವರಿಗೆ ನೇರ ಗೆರೆ ನೇರವಾಗೇ ಕಾಣ್ಬೇಕು, ಅದಕ್ಕೆ ಚಪ್ಪಟೆದೇ ಇರಲಿ. ಸ್ಟ್ಯಾಂಡು ಮೇಲೆ ಕೆಳಗೆ ಆಗ್ಬೇಕು, ಇಲ್ಲಾಂದ್ರೆ ಕುತ್ತಿಗೆ ಹಿಡ್ಕೊಳ್ಳುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಬಣ್ಣ ನಿಜ ಇರ್ಬೇಕು."

ಕೊನೆಯ ಮಾತಿಗೂ ಅವನು ತಲೆ ಎತ್ತಲಿಲ್ಲ. ಹೆಂಡತಿ ಆಚೆ ಮೂಲೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ರೇಸಿನ ಆಟದತ್ತ ಓಡಿದರು.

ಗೋಡೌನಿನಲ್ಲಿ ಅದೇ ಮಾದರಿಯ ಎರಡು ಪೆಟ್ಟಿಗೆಗಳಿದ್ದವು. ಒಂದು ಹೊಸದು. ಇನ್ನೊಂದನ್ನು ಯಾರೋ ವಾಪಸ್ ತಂದಿದ್ದರು. ಅದರ ಬಿಳಿ ಹಸಿರು ಹೊಡೆಯುತ್ತಿತ್ತು. ಅವಳು ಎರಡನ್ನೂ ಹೊತ್ತು ತಂದಳು. ತೋರಿಸುವುದು ಒಳ್ಳೆಯದನ್ನು, ಕಟ್ಟಿಕೊಡುವುದು ಕೆಟ್ಟದ್ದನ್ನು. ನಾಳೆ ಅವನು ಬಂದು ಹಾರಾಡಲಿ, 'ನಿಮ್ಮ ಕಣ್ಣೇ ಸರಿ ಇಲ್ಲ ಸಾರ್' ಎಂದು ಎಲ್ಲರ ಮುಂದೆ ಹೇಳಬೇಕು. ಕೆಲಸ ಹೋದರೆ ಹೋಗಲಿ! ಆ ಒಂದು ಮಾತಿಗಾಗಿ ಅವಳ ನಾಲಿಗೆ ತುರಿಸುತ್ತಿತ್ತು.

ಕೊಳ್ಳುವವರ ಎದುರಿಗೇ ಪೆಟ್ಟಿಗೆ ಬಿಚ್ಚಿ, ಪರದೆ ತುಂಬ ಬರೀ ಬಿಳಿ ತೋರಿಸುವುದು ಅಂಗಡಿಯ ಪದ್ಧತಿ. ಎಲ್ಲಾದರೂ ಬೆಳಕು ಬಾರದ ಸತ್ತ ಚುಕ್ಕೆ ಇದ್ದರೆ ಆಗಲೇ ಕಾಣುತ್ತದೆ. ಸಿಟ್ಟಿನಲ್ಲಿದ್ದ ಅವಳು ತಪ್ಪು ಪೆಟ್ಟಿಗೆ ಬಿಚ್ಚಿದಳು. ಪರದೆ ಹೊತ್ತಿಕೊಂಡಿತು. ನೀರಿನ ತೊಟ್ಟಿಯ ಗೋಡೆಯ ಹಾಗೆ ಹಸಿರು! ಸಿಕ್ಕಿಬಿದ್ದೆ ಎಂದುಕೊಂಡಳು.

ಅವನು ಕನ್ನಡಕ ಏರಿಸಿ, ಬಗ್ಗಿ ನಿಧಾನವಾಗಿ ನೋಡಿದ. "ಬಿಳಿ ಚೆನ್ನಾಗಿದೆ" ಎಂದ. "ಕಟ್ಟಮ್ಮ."

ತಮಾಷೆಯೇ? ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಪೆಟ್ಟಿಗೆಯನ್ನೂ ಬಿಚ್ಚಿ, ಪಕ್ಕದಲ್ಲೇ ಇಟ್ಟು ಬಿಳಿ ಹಾಕಿದಳು. "ಇದನ್ನೂ ನೋಡಿ ಸಾರ್."

"ಎರಡೂ ಒಂದೇ ಅಲ್ವೇನಮ್ಮ?"

ಅಷ್ಟರಲ್ಲಿ ಹೆಂಡತಿ ಬಂದವರು ದೂರದಿಂದಲೇ ಕೂಗಿದರು. "ಅಯ್ಯೋ, ಒಂದು ಪೂರ್ತಿ ಹಸಿರಾಗಿದೆಯಲ್ಲಮ್ಮ! ಇವರನ್ನ ಕೇಳಿ ಏನು ಪ್ರಯೋಜನ? ಇವರಿಗೆ ಟೊಮೇಟೊ ಕಾಯೋ ಹಣ್ಣೋ ಅದೂ ತಿಳಿಯಲ್ಲ. ಮದುವೆ ಆದಾಗಿಂದ ನಾನೇ ಇವರ ಕಣ್ಣು."

"ಸುಮ್ನಿರೇ" ಎಂದ ಅವನು.

"ಯಾಕೆ ಸುಮ್ನಿರ್ಲಿ? ಮನೆ ಪ್ರೆಸ್ಸಿನ ಹಿಂದೇನೇ ಇದೆ. ಹಾಳೆ ತಂದು ನನಗೆ ತೋರಿಸದೆ ಸಹಿ ಹಾಕಲ್ಲ. ಒಂದ್ಸಲ ನಾನು ಅಕ್ಕನ ಮನೆಗೆ ಹೋಗಿದ್ದೆ ನೋಡಿ, ಹಸಿರು ಬ್ರೆಡ್ಡು ಅಚ್ಚು ಹಾಕಿಸಿ ಕೂತಿದ್ರು!" ಹೆಂಡತಿ ನಕ್ಕರು. "ಪಾಪ, ಅದು ಯಾರೋ ಹುಡುಗಿ ತಪ್ಪಂತೆ ಬಿಡಿ."

'ಬಿಸಿಲಲ್ಲಿ ನೋಡ್ಕೊಂಡು ಬರ್ತೀನಿ' ಎಂದು ಹಾಳೆ ಹಿಡಿದು ಅವನು ಹಿಂಬಾಗಿಲಿಂದ ಹೋಗುತ್ತಿದ್ದದ್ದು ಅವಳ ಕಣ್ಣಿಗೆ ಕಟ್ಟಿತು. ಎಂಥ ಶ್ರದ್ಧೆ ಎಂದು ಆಗ ಮೆಚ್ಚಿದ್ದಳಲ್ಲ, ದಡ್ಡಿ! ಅಂದರೆ ಅವನಿಗೆ ಗೊತ್ತಿತ್ತು. ತಪ್ಪು ಯಾರ ಕಣ್ಣಿನದು ಎಂದು ಅವತ್ತೇ, ಆ ಮಾತು ಆಡುವಾಗಲೇ ಗೊತ್ತಿತ್ತು.

"ಆ ಹುಡುಗಿ ನಾನೇ ಅಮ್ಮ" ಎಂದಳು.

ಹೆಂಡತಿಯ ನಗು ಅರ್ಧಕ್ಕೆ ನಿಂತಿತು. ಅವನು ಈಗ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಹಣೆಯ ಮೇಲೆ ಬೆವರು ಒಡೆಯಿತು. ಅದನ್ನು ನೋಡಿ ಅವಳಿಗೆ ಸಂತೋಷವಾಯಿತು. ಆರು ವರ್ಷದಲ್ಲಿ ಅಂಥ ಸಂತೋಷ ಆಗಿರಲಿಲ್ಲ.

"ಹಳೇ ಮಾತು ಈಗ್ಯಾಕಮ್ಮ... ಜನ ಇದ್ದಾರೆ..."

"ಅವತ್ತೂ ಜನ ಇದ್ರು ಸಾರ್." ಅವಳು ದನಿ ತಗ್ಗಿಸಲಿಲ್ಲ. ಕೀಬೋರ್ಡು ನೋಡುತ್ತಿದ್ದ ಇಬ್ಬರು ತಿರುಗಿದರು. "ಈ ಎರಡರಲ್ಲಿ ಹಸಿರು ಯಾವುದು? ಬೆರಳಿಟ್ಟು ತೋರಿಸಿ. ಸರಿಯಾಗಿ ತೋರಿಸಿದ್ರೆ ನನ್ನ ಕಣ್ಣೇ ಸರಿ ಇಲ್ಲ ಅಂತ ಇಲ್ಲೇ ಬರೆದುಕೊಡ್ತೀನಿ. ತಪ್ಪಿದ್ರೆ ಪ್ರೆಸ್ಸಿನ ಯಜಮಾನರಿಗೆ ಫೋನ್ ಮಾಡಿ ಅವತ್ತು ನಡೆದದ್ದನ್ನ ನೀವೇ ಹೇಳ್ಬೇಕು. ಇಲ್ಲೇ, ಎಲ್ಲರಿಗೂ ಕೇಳೋ ಹಾಗೆ."

"ನಡಿಯೇ, ಹೋಗೋಣ" ಎಂದು ಅವನು ಹೆಂಡತಿಯ ತೋಳು ಹಿಡಿದ.

ಹೆಂಡತಿ ತೋಳು ಬಿಡಿಸಿಕೊಂಡರು. "ನನಗೆ ಹೇಳಿದ್ದು ಸುಳ್ಳಾ ಹಾಗಾದ್ರೆ?" ಅವರು ಚೀಲದಿಂದ ಫೋನು ತೆಗೆದರು. "ತೋರ್ಸ್ರೀ. ನಂಬರು ನಾನು ಒತ್ತುತೀನಿ."

ಅವನು ಎರಡು ಪರದೆಗಳ ಮುಂದೆ ಬಗ್ಗಿದ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಬೆರಳು ಮೇಲೆದ್ದು ಎಡಕ್ಕೆ ಹೋಯಿತು, ಅಲ್ಲಿಂದ ಬಲಕ್ಕೆ ಬಂತು, ನಡುವೆ ನಿಂತಿತು. ಬೆರಳನ್ನು ಹಾಗೇ ಹಿಡಿದು ಅವನು ಹೆಂಡತಿಯ ಕಡೆ ನೋಡಿದ. ಅವರು ಫೋನನ್ನು ಕಿವಿಗಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.